ಎಲ್ಲ ಬಲ್ಲ ಸಾಫ್ಟ್‌ವೇರಿನ ಡೆಮೊ

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಂಪ್ಯೂಟರ್ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಸುಮಾರು ಸಾವಿರ ಮಂದಿಯ ಎದುರು 90 ನಿಮಿಷ ತಮ್ಮ ಯಂತ್ರದ ಕೆಲಸ ತೋರಿಸಿದರು. ಯಂತ್ರ ಮಾತ್ರ ಅಲ್ಲಿರಲಿಲ್ಲ. ಅದು ಇದ್ದದ್ದು ಸುಮಾರು 50 ಕಿ.ಮೀ. ಆಚೆಯ ಮೆನ್ಲೊ ಪಾರ್ಕ್‌ನಲ್ಲಿ. ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ ಮೈಕ್ರೋವೇವ್ ಸಂಪರ್ಕ ಹೊಂದಿಸಿ ಅದರ ಪರದೆಯನ್ನು ಸಭಾಂಗಣಕ್ಕೆ ತಂದಿದ್ದರು. ಮೌಸ್, ಪರದೆಯ ಮೇಲೆಯೇ ಪಠ್ಯ ತಿದ್ದುವುದು, ಒಂದು ಬರಹದಿಂದ ಇನ್ನೊಂದಕ್ಕೆ ನೆಗೆಯುವ ಕೊಂಡಿ, ಬೇರೆ ಬೇರೆ ಊರಲ್ಲಿ ಕೂತ ಇಬ್ಬರು ಒಂದೇ ಕಡತದ ಮೇಲೆ ಕೆಲಸ ಮಾಡುವುದು ಎಲ್ಲವೂ ಆ ಮಧ್ಯಾಹ್ನ ಜನರ ಕಣ್ಣಿಗೆ ಬಿದ್ದವು. ಇಂದು ಸುದ್ದಿಮನೆಗಳು, ಪ್ರಕಾಶಕರು, ಸರ್ಕಾರಿ ಜಾಲತಾಣಗಳು ಬಳಸುವ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್, ಎನ್‌ಎಲ್‌ಎಸ್ ಎಂಬ ಆ ಯಂತ್ರವ್ಯವಸ್ಥೆಯ ಮರಿಮಕ್ಕಳು.

ಇಷ್ಟೆಲ್ಲ ಶಕ್ತಿಯನ್ನು ತೋರಿಸಲು ಎಂಗೆಲ್‌ಬರ್ಟ್ ಆರಿಸಿಕೊಂಡದ್ದೇನು ಗೊತ್ತೇ? ಸಂಜೆ ಮನೆಗೆ ಹೋಗುವಾಗ ತರಬೇಕಾದ ಸಾಮಾನಿನ ಪಟ್ಟಿ. ಬಾಳೆಹಣ್ಣು, ಕ್ಯಾರೆಟ್ ಎಂದು ಬೆರಳಚ್ಚಿಸಿದರು, ಗುಂಪು ಮಾಡಿ ಜೋಡಿಸಿದರು, ಮಡಚಿದರು, ಬಿಚ್ಚಿದರು, ಕೊನೆಗೆ ಯಾವ ದಾರಿಯಲ್ಲಿ ಹೋದರೆ ಎಲ್ಲ ಕೆಲಸ ಮುಗಿಯುತ್ತದೆಂದು ನಕ್ಷೆಯನ್ನೇ ತೆರೆದರು. ಸಾಮಾನಿನ ಪಟ್ಟಿ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಹಾಗಾಗಿ ನೋಡುವವರ ಗಮನವಿಡೀ ಯಂತ್ರ ಏನು ಮಾಡುತ್ತಿದೆ ಎಂಬುದರ ಮೇಲೆಯೇ ಉಳಿಯಿತು.

ಈಗಿನ ಸಿಎಂಎಸ್ ಮಾರಾಟದ ಡೆಮೊಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಜಾಲತಾಣ, ಮುದ್ರಣದ ಪುಟ, ಮೊಬೈಲ್ ಆ್ಯಪ್, ಫೋಟೊ ಭಂಡಾರ, ಚಂದಾದಾರರ ಪತ್ರ, ಜಾಹೀರಾತು ಎಲ್ಲವನ್ನೂ ನಿಭಾಯಿಸುವ ಸಾಫ್ಟ್‌ವೇರ್ ಕೈಯಲ್ಲಿದ್ದಾಗ ಮಾರುವವರಿಗೆ ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ. ಮೆನುವಿನ ಎಡತುದಿಯಿಂದ ಶುರು ಮಾಡಿ ಬಲತುದಿ ಮುಟ್ಟುವವರೆಗೂ ಒಂದೊಂದನ್ನೇ ತೆರೆದು ತೋರಿಸುತ್ತಾರೆ. ಮದುವೆ ಮನೆಯಲ್ಲಿ ಎಲೆ ತುಂಬಿದ ಮೇಲೂ ಬಡಿಸುತ್ತಲೇ ಹೋಗುವ ಬೀಗರ ಉಪಚಾರದ ಹಾಗೆ.

ಮಿದುಳಿಗೆ ಅಷ್ಟು ಹಿಡಿಯುವುದಿಲ್ಲ. ನಾವು ಒಮ್ಮೆಗೆ ಸುಮಾರು ಏಳು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಡಬಲ್ಲೆವು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಹಳೆಯ, ಹೊಸ ಪ್ರಯೋಗಗಳನ್ನೆಲ್ಲ ಜಾಲಾಡಿ ಆ ಲೆಕ್ಕವನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಆದರೆ ಸಂಖ್ಯೆಗಿಂತ ಗಮನಿಸಬೇಕಾದ್ದು ಇನ್ನೊಂದಿದೆ. ಪರಿಚಿತ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗಂಟಾಗುತ್ತವೆ. ಲೇಖನ ಬರೆಯುವುದು, ಚಿತ್ರ ಸೇರಿಸುವುದು, ಸಂಪಾದಕರಿಗೆ ಕಳಿಸುವುದು, ಪ್ರಕಟಿಸುವುದು ಇವೆಲ್ಲ ಮಾರುವವರಿಗೆ ಒಂದು ಗಂಟು. ಅದೇ ಮೊದಲ ಸಲ ಆ ಪರದೆ ನೋಡುವವರಿಗೆ ಹದಿನೈದು ಬಿಡಿ ಬಿಡಿ ಗುಂಡಿಗಳು.

ಈ ಅಂತರ ಮಾರುವವರಿಗೆ ಏಕೆ ಕಾಣುವುದಿಲ್ಲ? 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ತಮ್ಮ ಪಿಎಚ್‌.ಡಿ.ಗಾಗಿ ಮಾಡಿದ ಪ್ರಯೋಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲರಿಗೂ ಗೊತ್ತಿರುವ ಹಾಡೊಂದರ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗೆ ಕೂತವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟಾದರೂ ಹಾಡುಗಳನ್ನು ಗುರುತಿಸಿಯಾರು ಎಂದು ಕುಟ್ಟುವವರು ಅಂದಾಜಿಸಿದ್ದರು. 120 ಹಾಡುಗಳಲ್ಲಿ ಕೇಳುಗರಿಗೆ ಸಿಕ್ಕಿದ್ದು ಮೂರು! ಕುಟ್ಟುವವರ ತಲೆಯೊಳಗೆ ರಾಗ, ಸಾಹಿತ್ಯ ಎಲ್ಲ ಮೊಳಗುತ್ತಿರುತ್ತದೆ; ಕೇಳುವವರಿಗೆ ಟಕ್ ಟಕ್ ಸದ್ದು ಮಾತ್ರ. ತಿಳಿದವರಿಗೆ ತಿಳಿಯದವರ ಸ್ಥಿತಿ ಊಹೆಗೂ ನಿಲುಕದ ಈ ತೊಡಕಿಗೆ ಅದರ ಹಿಂದಿನ ವರ್ಷವಷ್ಟೇ ಅರ್ಥಶಾಸ್ತ್ರಜ್ಞರು ‘ಅರಿವಿನ ಶಾಪ’ ಎಂದು ಹೆಸರಿಟ್ಟಿದ್ದರು. ವರ್ಕ್‌ಫ್ಲೋ, ಟ್ಯಾಕ್ಸಾನಮಿ, ಮೆಟಾಡೇಟಾ ಎಂದು ಡೆಮೊಗಾರರು ಉದುರಿಸುವಾಗ ಸಂಪಾದಕರ ಕಿವಿಗೆ ಬೀಳುವುದೂ ಅದೇ ಟಕ್ ಟಕ್.

ಕಣ್ಣಿನ ತೊಡಕು ಬೇರೆ. 1997ರಲ್ಲಿ ರೊನಾಲ್ಡ್ ರೆನ್ಸಿಂಕ್ ಮತ್ತು ಸಂಗಡಿಗರು ಒಂದು ಚಿತ್ರವನ್ನೂ, ತುಸು ಬದಲಾಯಿಸಿದ ಅದರ ಪ್ರತಿಯನ್ನೂ ಒಂದಾದ ಮೇಲೊಂದು ತೋರಿಸುತ್ತ ಹೋದರು. ನಡುವೆ 80 ಮಿಲಿಸೆಕೆಂಡು ಖಾಲಿ ಪರದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಅಷ್ಟಕ್ಕೇ, ಚಿತ್ರದಲ್ಲಿ ಎದ್ದು ಕಾಣಬೇಕಾದ ಬದಲಾವಣೆಯನ್ನು ಹುಡುಕಲು ಜನ ಎಷ್ಟೋ ಹೊತ್ತು ತಿಣುಕಿದರು. ಸಿಎಂಎಸ್ ಡೆಮೊದಲ್ಲಿ ಇದು ನಿಮಿಷಕ್ಕೊಮ್ಮೆ ಆಗುತ್ತದೆ. ಎಡಿಟರ್‌ನಲ್ಲಿ ಶೀರ್ಷಿಕೆ ಬದಲಿಸಿ, ಇನ್ನೊಂದು ಟ್ಯಾಬಿಗೆ ಹೋಗಿ, ಪುಟವನ್ನು ರಿಫ್ರೆಶ್ ಮಾಡುತ್ತಾರೆ. ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ಮೂಡುತ್ತದೆ. ಬದಲಾದದ್ದು ಡೆಮೊ ಕೊಡುವವರಿಗೆ ಕಾಣುತ್ತದೆ, ಏಕೆಂದರೆ ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತು. ಉಳಿದವರು ಸುಮ್ಮನೆ ತಲೆ ಆಡಿಸುತ್ತಾರೆ. ಗುಂಡಿ ಒತ್ತುವ ಮೊದಲೇ ‘ಬಲಗಡೆಯ ಈ ಸಾಲು ನೋಡುತ್ತಿರಿ’ ಎಂದು ಹೇಳಿ, ಒಂದು ಉಸಿರು ನಿಂತು, ಆಮೇಲೆ ಒತ್ತಿದರೆ ಈ ಕುರುಡು ಬಹುಮಟ್ಟಿಗೆ ಹೋಗುತ್ತದೆ. ಖರ್ಚಿಲ್ಲದ ಉಪಾಯ, ಆದರೂ ಪಾಲಿಸುವವರು ಕಡಿಮೆ.

ಇಷ್ಟೆಲ್ಲ ಸರಿಪಡಿಸಿಕೊಂಡ ಡೆಮೊ ಕೂಡ ಮೋಸ ಮಾಡಬಹುದು. ಮಾರುವವರು ಬೇಕೆಂದೇ ಮಾಡುತ್ತಾರೆಂದಲ್ಲ. ಡೆಬೊರಾ ಥಾಂಪ್ಸನ್, ರೆಬೆಕಾ ಹ್ಯಾಮಿಲ್ಟನ್, ರೋಲಂಡ್ ರಸ್ಟ್ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಸಾಫ್ಟ್‌ವೇರ್ ಕೊಳ್ಳುವ ಪ್ರತಿ ಕಚೇರಿಯೂ ಓದಬೇಕು. ಒಂದು ವಸ್ತುವನ್ನು ಬಳಸುವ ಮೊದಲು ಜನ ಅದು ಏನೇನು ಮಾಡಬಲ್ಲದು ಎಂದು ಎಣಿಸುತ್ತಾರೆ, ಸೌಲಭ್ಯ ಹೆಚ್ಚಿದ್ದದ್ದನ್ನೇ ಬಯಸುತ್ತಾರೆ. ಬಳಸಿದ ಮೇಲೆ ಅದೇ ಜನ ತೂಗುವುದು ಎಷ್ಟು ಸಲೀಸು ಎಂಬುದನ್ನು; ಸೌಲಭ್ಯಗಳ ರಾಶಿ ಆಗ ತಲೆನೋವು. ಅಂದರೆ ಖರೀದಿಯ ತೀರ್ಮಾನವಾಗುವ ಹೊತ್ತಿನಲ್ಲಿ ನಮ್ಮ ತಕ್ಕಡಿ ಒಂದು, ಮುಂದೆ ವರ್ಷಗಟ್ಟಲೆ ಅದರೊಂದಿಗೆ ಏಗುವಾಗಿನ ತಕ್ಕಡಿ ಇನ್ನೊಂದು. ಸಿಎಂಎಸ್ ವಿಷಯದಲ್ಲಿ ಕಷ್ಟ ಇಮ್ಮಡಿ. ಡೆಮೊ ನೋಡಿ ರುಜು ಹಾಕುವವರು ಮೇಲಿನವರು, ಅದನ್ನು ದಿನವೂ ಬಳಸುವವರು ರಾತ್ರಿ ಪಾಳಿಯ ಉಪಸಂಪಾದಕರು.

ಎಂಗೆಲ್‌ಬರ್ಟ್ ವ್ಯವಸ್ಥೆಗೂ ಬಹುಮಟ್ಟಿಗೆ ಇದೇ ಗತಿಯಾಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಆದರೆ ಎನ್‌ಎಲ್‌ಎಸ್ ಕಲಿಯುವುದು ಸುಲಭವಿರಲಿಲ್ಲ. ಎಡಗೈಗೆ ಐದು ಕೀಲಿಗಳ ಪುಟ್ಟ ಪಟ್ಟಿಯೊಂದಿತ್ತು. ಯಾವ ಅಕ್ಷರಕ್ಕೆ ಯಾವ ಕೀಲಿಗಳನ್ನು ಒಟ್ಟಿಗೆ ಒತ್ತಬೇಕೆಂದು ಬಾಯಿಪಾಠ ಮಾಡಬೇಕಿತ್ತು. ಸಹೋದ್ಯೋಗಿಗಳು ಹಲವರು ಜೆರಾಕ್ಸ್ ಪಾರ್ಕ್ ಪ್ರಯೋಗಾಲಯಕ್ಕೆ ಹೊರಟುಹೋದರು. 1977ರಲ್ಲಿ ವ್ಯವಸ್ಥೆ ಟೈಮ್‌ಷೇರ್ ಕಂಪನಿಯ ಪಾಲಾಯಿತು. ಮೌಸ್ ಜಗತ್ತನ್ನೇ ಗೆದ್ದಿತು, ಎನ್‌ಎಲ್‌ಎಸ್ ಮಾತ್ರ ಜನರ ಮೇಜಿಗೆ ಬರಲಿಲ್ಲ.

ಹಾಗಾದರೆ ಒಳ್ಳೆಯ ಡೆಮೊ ಮಾಡಬೇಕಾದ್ದು ಇಷ್ಟು: ಬಳಸಿದ ಮೇಲೆ ಬರುವ ತಕ್ಕಡಿಯನ್ನು ಖರೀದಿಗೆ ಮುಂಚೆಯೇ ಮೇಜಿನ ಮೇಲೆ ಇಡಬೇಕು. ಹಿಂದಿನ ದಿನವೇ ಆ ಕಚೇರಿಯ ನಿಜವಾದ ನಾಲ್ಕು ಸುದ್ದಿ, ಹತ್ತು ಫೋಟೊ ತರಿಸಿಕೊಳ್ಳಬೇಕು. ಅರ್ಧ ಗಂಟೆಯಲ್ಲಿ ಒಂದೇ ಕೆಲಸವನ್ನು ಮೊದಲಿಂದ ಕೊನೆಯವರೆಗೆ ತೋರಿಸಿ, ಉಳಿದ ಹೊತ್ತು ಕೀಬೋರ್ಡನ್ನು ಡೆಸ್ಕಿನವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರಬೇಕು. ಮಾರುವವರಿಗೆ ಇದಕ್ಕಿಂತ ಕಠಿಣ ವ್ರತವಿಲ್ಲ. ಏನಾದರೂ ಕೆಟ್ಟರೆ? ಕೆಡಲಿ. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಸಮ್ಮುಖದಲ್ಲೇ ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿದಾಗ ಪರದೆ ನೀಲಿಯಾಗಿ ಸತ್ತಿತ್ತು. ಎರಡೇ ತಿಂಗಳಲ್ಲಿ ಅದು ಮಾರುಕಟ್ಟೆಗೆ ಬಂತು, ಜನ ಕೊಂಡರು.

ಕನ್ನಡದ ಕಚೇರಿಯಲ್ಲಿ ಕೀಬೋರ್ಡ್ ಕೈ ಬದಲಾಗುವುದು ಇನ್ನೂ ಮುಖ್ಯ. ಇಂಗ್ಲಿಷ್ ಮಾದರಿ ಪಠ್ಯದಲ್ಲಿ ಹೊಳೆಯುವ ಸಿಎಂಎಸ್ ಇಲ್ಲಿ ಎಡವುವುದು ಚಿಕ್ಕ ಚಿಕ್ಕ ಕಡೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ಪಕ್ಕ ಕಣ್ಣಿಗೆ ಕಾಣದ, ಅಗಲವಿಲ್ಲದ ಯೂನಿಕೋಡ್ ಸಂಕೇತವೊಂದು ಕೂರುತ್ತದೆ. ಪಠ್ಯ ಶುಚಿಗೊಳಿಸುವ ನೆಪದಲ್ಲಿ ಸಾಫ್ಟ್‌ವೇರ್ ಅದನ್ನು ಕಸವೆಂದು ಗುಡಿಸಿದರೆ ಪುಟದಲ್ಲಿ ಮೂಡುವುದು ಅರ್ಕಾವತ್ತಿನ ‘ರ್ಯಾಂಕ್’. ಪುಟದ ವಿಳಾಸದ ಕಥೆಯೂ ಹೀಗೆಯೇ. ಅಲ್ಲಿ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಮುಖ್ಯಮಂತ್ರಿ’ ಎಂಬ ಪದದಲ್ಲಿ ಹನ್ನೊಂದು ಸಂಕೇತಗಳಿವೆ, ಅಂದರೆ 99 ಚಿಹ್ನೆ. ವರ್ಡ್‌ಪ್ರೆಸ್ ಒಂದು ಬರಹದ ವಿಳಾಸಕ್ಕೆ ಕೊಡುವ ಜಾಗ 200. ಮುಖ್ಯಮಂತ್ರಿಗಳು ಎರಡು ಸಲ ಬಂದರೆ ಮೂರನೆಯ ಪದಕ್ಕೆ ತಾವಿಲ್ಲ!

ಇವೆಲ್ಲಕ್ಕೂ ಪರಿಹಾರಗಳಿವೆ, ಆದರೆ ಕೊಳ್ಳುವ ಮುನ್ನ ಅವನ್ನು ಕಣ್ಣಾರೆ ನೋಡಬೇಕು. ಪ್ರಕಟಿಸಿದ ಅದೇ ಲೇಖನವನ್ನು ಸಾದಾ ಪಠ್ಯದ ಕಡತವಾಗಿ ಹೊರಗೆ ತೆಗೆದು ಕೊಡಿ ಎಂದೂ ಕೇಳಬೇಕು. ಮುಂದೊಂದು ದಿನ ಬೇರೆ ಸಾಫ್ಟ್‌ವೇರಿಗೆ ಹೋಗಬೇಕಾದಾಗ ಹತ್ತಾರು ವರ್ಷಗಳ ಬರಹ ಹೊರಬರುವುದು ಆ ಬಾಗಿಲಿನಿಂದಲೇ. ಹೆಚ್ಚಿನ ಡೆಮೊಗಳಲ್ಲಿ ಅದನ್ನು ಯಾರೂ ತಾವಾಗಿ ತೆರೆದು ತೋರಿಸುವುದಿಲ್ಲ.