ಹಳೆಯ ಕಂಪ್ಯೂಟರಿನಲ್ಲಿ ತೆರೆಯದ ಲಿಂಕುಗಳು

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪಟ್ಟಣಗಳ ಜೆರಾಕ್ಸ್ ಹಾಗೂ ಡಿಟಿಪಿ ಅಂಗಡಿಗಳಲ್ಲಿ, ಶಾಲೆಗಳ ಕಚೇರಿಗಳಲ್ಲಿ, ಅಕ್ಕಿ ಗಿರಣಿಗಳ ಲೆಕ್ಕದ ಕೋಣೆಗಳಲ್ಲಿ ವಿಂಡೋಸ್ 7ರ ಕಾಲದ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿರುವುದು ಅಪರೂಪವೇನಲ್ಲ. ಪಹಣಿ ತೆಗೆಯುವುದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು, ಸಿಇಟಿ ಪ್ರವೇಶಪತ್ರ ಮುದ್ರಿಸುವುದು, ಇಮೇಲಿಗೆ ಬಂದ ಸುತ್ತೋಲೆಯನ್ನು ತೆರೆಯುವುದು ಇವೆಲ್ಲವೂ ಇಂದು ಬ್ರೌಸರ್ ಎಂಬ ಒಂದೇ ತಂತ್ರಾಂಶದ ಮೂಲಕ ನಡೆಯುವುದರಿಂದ, ಅದು ಮುನಿಸಿಕೊಂಡ ದಿನ ಅಂಗಡಿಯ ಕೆಲಸವೇ ನಿಲ್ಲುತ್ತದೆ. ಆಗ ಸಾಮಾನ್ಯವಾಗಿ ಕೇಳಿಬರುವ ತೀರ್ಪುಗಳು ಎರಡು: ‘ಸರ್ವರ್ ಇಲ್ಲ’ ಎಂಬುದು ಒಂದು, ‘ಸಿಸ್ಟಂ ಫಾರ್ಮ್ಯಾಟ್ ಹೊಡೆಸಬೇಕು’ ಎಂಬುದು ಇನ್ನೊಂದು. ಮೊದಲನೆಯದು ತಪ್ಪನ್ನು ಬೆಂಗಳೂರಿಗೆ ದಾಟಿಸುತ್ತದೆ, ಎರಡನೆಯದು ಇದ್ದುದೆಲ್ಲವನ್ನೂ ಅಳಿಸಿಹಾಕುತ್ತದೆ. ಪರದೆಯ ಮೇಲೆ ಬಂದ ಸಂದೇಶವನ್ನು ಮಾತ್ರ ಎರಡೂ ಓದುವುದಿಲ್ಲ.

ಲಿಂಕನ್ನು ಒತ್ತಿದಾಗ ನಡೆಯುವ ಕೆಲಸ ಹಲವು ಕೈ ದಾಟುತ್ತದೆ. ಇಮೇಲ್ ತಂತ್ರಾಂಶವು ಆ ವಿಳಾಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಇಂಥ ವಿಳಾಸವನ್ನು ಯಾವ ಬ್ರೌಸರ್ ತೆರೆಯಬೇಕೆಂದು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಎಲ್ಲ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಂಡ ದಾಖಲೆಯಲ್ಲಿ, ಹುಡುಕುತ್ತದೆ. ಬ್ರೌಸರ್ ದೂರದ ಸರ್ವರ್‌ನೊಡನೆ ಗೂಢಲಿಪಿಯ ಒಪ್ಪಂದ ಮಾಡಿಕೊಂಡು ಅದರ ಗುರುತನ್ನು ಪರೀಕ್ಷಿಸಿದ ಮೇಲೆಯೇ ಪುಟವು ಪರದೆಗೆ ಬರುತ್ತದೆ. ಲಿಂಕ್ ಒತ್ತಿದಾಗ ಏನೂ ಆಗದಿದ್ದರೆ ದೋಷ ವಿಂಡೋಸ್‌ನ ಹಂತದಲ್ಲಿದೆ ಎಂದೂ, ಬ್ರೌಸರ್ ತೆರೆದು ಎಚ್ಚರಿಕೆಯ ಪುಟ ಬಂದರೆ ಗುರುತಿನ ಪರೀಕ್ಷೆಯಲ್ಲಿದೆ ಎಂದೂ, ಪುಟ ಸಿಗಲಿಲ್ಲವೆಂದು ಸರ್ವರ್ ತಾನೇ ಉತ್ತರಿಸಿದರೆ ವಿಳಾಸದಲ್ಲೇ ಇದೆ ಎಂದೂ ಬಹುಮಟ್ಟಿಗೆ ಹೇಳಬಹುದು.

ಎಚ್ಚರಿಕೆಯ ಪುಟ ಬಂದಾಗ ಮೊದಲು ನೋಡಬೇಕಾದುದು ಪರದೆಯ ಬಲ ಮೂಲೆಯ ದಿನಾಂಕವನ್ನು. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ, ನಾಣ್ಯದಾಕಾರದ ಮೂರು ವೋಲ್ಟಿನ ಸೆಲ್ ಒಂದಿರುತ್ತದೆ. ಕಂಪ್ಯೂಟರ್ ಆರಿದಾಗಲೂ ಅದರ ಗಡಿಯಾರವನ್ನು ನಡೆಸುವುದು ಇದೇ. ಕೆಲವು ವರ್ಷಗಳ ಬಳಿಕ ಸೆಲ್ ಬತ್ತಿದಾಗ, ಕರೆಂಟು ಹೋಗಿ ಬಂದ ಪ್ರತಿ ಸಲವೂ ಗಡಿಯಾರವು ಮದರ್‌ಬೋರ್ಡ್ ತಯಾರಾದ ಕಾಲದ ಯಾವುದೋ ಜನವರಿ 1ಕ್ಕೆ ಮರಳುತ್ತದೆ. ಇತ್ತ ಪ್ರತಿಯೊಂದು ಸುರಕ್ಷಿತ ಜಾಲತಾಣವೂ ಸರ್ಟಿಫಿಕೇಟ್ ಎಂಬ ಗುರುತಿನ ಪತ್ರವನ್ನು ಹೊಂದಿದ್ದು, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ ಎಂಬ ಅವಧಿ ಇರುತ್ತದೆ. 2020ರ ಸೆಪ್ಟೆಂಬರ್ 1ರಿಂದ ಈ ಅವಧಿಯನ್ನು ಗರಿಷ್ಠ 398 ದಿನಗಳಿಗೆ ಇಳಿಸಲಾಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತ ಬಂದಿರುವ ಪತ್ರಗಳ ಅವಧಿಯಂತೂ 90 ದಿನ. ಕಂಪ್ಯೂಟರಿನ ಗಡಿಯಾರ 2010ರಲ್ಲಿ ನಿಂತಿದ್ದರೆ ಇಂದಿನ ಸರ್ಟಿಫಿಕೇಟುಗಳೆಲ್ಲವೂ ಅದರ ಪಾಲಿಗೆ ಇನ್ನೂ ಹುಟ್ಟದವು, ಆದ್ದರಿಂದ ನಂಬಲಾರದವು. ದಿನಾಂಕ ತಿದ್ದಿದರೆ ತಾಣ ತಕ್ಷಣ ತೆರೆಯುತ್ತದೆ, ಆದರೆ ಸೆಲ್ ಬದಲಿಸದಿದ್ದರೆ ಮರುದಿನ ಅದೇ ಕಥೆ. ಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಈ ಸಣ್ಣ ಸೆಲ್ಲಿನ ದೋಷಕ್ಕೆ ಇಡೀ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವುದು ದುಬಾರಿಯ ಮೌಢ್ಯವೇ ಸರಿ. ದಿನಾಂಕ ಸರಿಯಿದ್ದೂ ಸಮಯವಲಯ ತಪ್ಪಿದ್ದರೆ ಇಮೇಲುಗಳ ಗಂಟೆಗಳು ಏರುಪೇರಾಗುತ್ತವೆ. ಅದನ್ನು ಭಾರತೀಯ ಕಾಲಮಾನಕ್ಕೆ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಕ್ಕೆ, ಹೊಂದಿಸಬೇಕು.

ಗಡಿಯಾರ ಸರಿಯಿದ್ದೂ ಎಚ್ಚರಿಕೆ ಬಂದರೆ ಕಾರಣ ಇನ್ನೂ ಆಳದಲ್ಲಿದೆ. ಸರ್ಟಿಫಿಕೇಟನ್ನು ನಂಬಬೇಕಾದರೆ ಅದಕ್ಕೆ ಸಹಿ ಹಾಕಿದ ಮೂಲ ಸಂಸ್ಥೆಯ ಹೆಸರು ಕಂಪ್ಯೂಟರಿನ ನಂಬುಗೆಯ ಪಟ್ಟಿಯಲ್ಲಿರಬೇಕು, ಮತ್ತು ಆ ಮೂಲಪತ್ರಕ್ಕೂ ಅವಧಿಯುಂಟು. 2021ರ ಸೆಪ್ಟೆಂಬರ್ 30ರಂದು ಇಂಥದೊಂದು ಮೂಲಪತ್ರದ ಅವಧಿ ಮುಗಿದಾಗ, ಹಿಂದಿನ ದಿನದವರೆಗೆ ತೆರೆಯುತ್ತಿದ್ದ ತಾಣಗಳು ಜಗತ್ತಿನಾದ್ಯಂತ ಹಲವು ಹಳೆಯ ಯಂತ್ರಗಳಲ್ಲಿ ತೆರೆಯದಾದವು. ಯಂತ್ರದ ಒಳಗೆ ಯಾರೂ ಏನನ್ನೂ ಮುಟ್ಟಿರಲಿಲ್ಲ. ಗೂಢಲಿಪಿಯ ಒಪ್ಪಂದವೂ ಹೀಗೆಯೇ ಬದಲಾಗಿದೆ: ಟಿಎಲ್‌ಎಸ್ ಎಂದು ಕರೆಯಲಾಗುವ ಈ ನಿಯಮಾವಳಿಯ 1.0 ಮತ್ತು 1.1 ಆವೃತ್ತಿಗಳನ್ನು ಪ್ರಮುಖ ಬ್ರೌಸರುಗಳು 2020ರಲ್ಲಿ ಕೈಬಿಟ್ಟವು, ಮರುವರ್ಷ ಅವುಗಳನ್ನು ಅಧಿಕೃತವಾಗಿಯೇ ತ್ಯಜಿಸಲಾಯಿತು. ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಹೊಸ ಒಪ್ಪಂದದ ಭಾಷೆಯೇ ಬಾರದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿತು. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಅದರಲ್ಲಿ ನಡೆಯುವ ಕೊನೆಯ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿ. ಅದಕ್ಕಿಂತ ಹಳೆಯ ಕ್ರೋಮ್ ಇರುವಲ್ಲಿ ಕನಿಷ್ಠ 109ಕ್ಕಾದರೂ ಏರಿಸುವುದು ಒಂದು ದಾರಿ. ಫೈರ್‌ಫಾಕ್ಸ್‌ನ 115ನೇ ದೀರ್ಘಾವಧಿ ಆವೃತ್ತಿಯನ್ನು ಹಾಕಿಕೊಳ್ಳುವುದು ಇನ್ನೂ ಒಳ್ಳೆಯ ದಾರಿ, ಏಕೆಂದರೆ ಫೈರ್‌ಫಾಕ್ಸ್ ವಿಂಡೋಸ್‌ನ ಪಟ್ಟಿಯನ್ನು ನೆಚ್ಚದೆ ತನ್ನದೇ ನಂಬುಗೆಯ ಪಟ್ಟಿಯನ್ನೂ ತನ್ನದೇ ಗೂಢಲಿಪಿ ವ್ಯವಸ್ಥೆಯನ್ನೂ ಹೊತ್ತು ತರುತ್ತದೆ.

ಫಾರ್ಮ್ಯಾಟ್ ಏಕೆ ಮದ್ದಲ್ಲ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ಹಳೆಯ ವಿಂಡೋಸ್ 7 ಡಿವಿಡಿಯಿಂದ ಮರುಸ್ಥಾಪನೆ ಮಾಡಿದಾಗ ವರ್ಷಗಳ ಕಾಲ ಸೇರಿಕೊಂಡಿದ್ದ ಅಪ್‌ಡೇಟುಗಳೆಲ್ಲ ಅಳಿದು, ಯಂತ್ರವು ಡಿವಿಡಿ ತಯಾರಾದ ವರ್ಷಕ್ಕೆ ಹಿಂದಿರುಗುತ್ತದೆ. 2019ರಿಂದ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟುಗಳಿಗೆ ಷಾ-2 ಎಂಬ ಹೊಸ ಬಗೆಯ ಡಿಜಿಟಲ್ ಸಹಿ ಹಾಕತೊಡಗಿತು. ಆ ಸಹಿಯನ್ನು ಗುರುತಿಸುವ ಸಾಮರ್ಥ್ಯವು ಪ್ರತ್ಯೇಕ ಅಪ್‌ಡೇಟಿನ ಮೂಲಕ ಬರಬೇಕಾದುದರಿಂದ, ಅದನ್ನು ಕೈಯಾರೆ ಹಾಕುವವರೆಗೆ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 7 ಉಳಿದ ಅಪ್‌ಡೇಟುಗಳನ್ನು ಸ್ವೀಕರಿಸಲಾರದು. ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಕಂಪ್ಯೂಟರಿನಲ್ಲಿ ಮೊದಲು ತೆರೆಯುತ್ತಿದ್ದ ತಾಣಗಳೂ ತೆರೆಯದಿರಲು ಇದೊಂದು ಮುಖ್ಯ ಕಾರಣ.

ಇಮೇಲಿನೊಳಗಿನ ಲಿಂಕಿನ ತೊಂದರೆ ಬೇರೆ ಜಾತಿಯದು. ಔಟ್‌ಲುಕ್‌ನಲ್ಲಿ ಲಿಂಕ್ ಒತ್ತಿದಾಗ, ಈ ಕಂಪ್ಯೂಟರಿನ ಮೇಲಿರುವ ನಿರ್ಬಂಧಗಳಿಂದಾಗಿ ಕಾರ್ಯ ರದ್ದಾಗಿದೆ, ನಿರ್ವಾಹಕರನ್ನು ಸಂಪರ್ಕಿಸಿ ಎಂಬರ್ಥದ ಇಂಗ್ಲಿಷ್ ಸಂದೇಶ ಬರುವುದುಂಟು. ಸ್ವಂತ ಅಂಗಡಿಯ ಕಂಪ್ಯೂಟರಿಗೆ ನಿರ್ವಾಹಕ ಯಾರು, ನಿರ್ಬಂಧ ಹಾಕಿದವರು ಯಾರು ಎಂದು ಓದಿದವರು ತಬ್ಬಿಬ್ಬಾಗುತ್ತಾರೆ. ವಾಸ್ತವದಲ್ಲಿ ಯಾರೂ ನಿರ್ಬಂಧ ಹಾಕಿರುವುದಿಲ್ಲ: ಎಂದೋ ಹಾಕಿ ತೆಗೆದ ಕ್ರೋಮ್, ಜಾಲಪುಟಗಳನ್ನು ತಾನೇ ತೆರೆಯುವೆನೆಂದು ರಿಜಿಸ್ಟ್ರಿಯಲ್ಲಿ ಬರೆಸಿದ್ದನ್ನು ಅಳಿಸದೆ ಹೋಗಿರುತ್ತದೆ, ವಿಂಡೋಸ್ ಇಲ್ಲದ ಬ್ರೌಸರನ್ನು ಕರೆದು ಸೋಲುತ್ತದೆ. ಕಂಟ್ರೋಲ್ ಪ್ಯಾನಲ್‌ನ ಡೀಫಾಲ್ಟ್ ಪ್ರೋಗ್ರಾಮ್ಸ್ ವಿಭಾಗಕ್ಕೆ ಹೋಗಿ, ಈಗ ಇರುವ ಬ್ರೌಸರನ್ನು ಆಯ್ದು, ಅದಕ್ಕೆ ಎಲ್ಲ ಬಗೆಯ ವಿಳಾಸಗಳನ್ನೂ ವಹಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಕ್ರೋಮನ್ನು ಮತ್ತೆ ಸ್ಥಾಪಿಸಿ, ಇನ್ನೊಂದು ಬ್ರೌಸರನ್ನು ಡೀಫಾಲ್ಟ್ ಮಾಡಿ, ಆಮೇಲೆ ಬೇಡವಾದದ್ದನ್ನು ತೆಗೆಯುವುದು ರಿಜಿಸ್ಟ್ರಿಗೆ ಕೈಹಾಕುವುದಕ್ಕಿಂತ ಸುರಕ್ಷಿತ. ಜಾಲಪುಟದಲ್ಲಿರುವ ಇಮೇಲ್ ವಿಳಾಸವನ್ನು ಒತ್ತಿದಾಗ ಯಾವುದೋ ಖಾಲಿ ಔಟ್‌ಲುಕ್ ತೆರೆದು ಖಾತೆ ಸ್ಥಾಪಿಸಲು ಕೇಳುವುದಕ್ಕೂ ಇದೇ ಪಟ್ಟಿ ಕಾರಣವಾದರೂ, ಜಿಮೇಲನ್ನು ಬ್ರೌಸರಿನಲ್ಲಿಯೇ ನೋಡುವವರು ಆ ವಿಳಾಸವನ್ನು ನಕಲಿಸಿ ಅಂಟಿಸಿಕೊಂಡರೆ ಸಾಕು.

ಕೆಲವೊಮ್ಮೆ ಕಂಪ್ಯೂಟರ್ ನಿರ್ದೋಷಿ, ವಿಳಾಸವೇ ಮುರಿದಿರುತ್ತದೆ. ಬರಿಯ ಪಠ್ಯದ ಇಮೇಲಿನಲ್ಲಿ ಸಾಲೊಂದಕ್ಕೆ 78 ಅಕ್ಷರ ಮೀರಬಾರದೆಂಬ ಹಳೆಯ ಶಿಫಾರಸು ಇದ್ದು, ಅದರಂತೆ ಸಾಲು ಒಡೆಯುವ ತಂತ್ರಾಂಶಗಳು ಉದ್ದನೆಯ ಲಿಂಕನ್ನು ಎರಡು ತುಂಡು ಮಾಡಿದಾಗ, ಒತ್ತಿದರೆ ಮೊದಲ ತುಂಡು ಮಾತ್ರ ತೆರೆಯುತ್ತದೆ. ವಾಕ್ಯದ ಕೊನೆಯ ಪೂರ್ಣವಿರಾಮ ಲಿಂಕಿಗೆ ಅಂಟಿಕೊಂಡರೂ ಪುಟ ಸಿಗದು. ಬ್ರೌಸರಿನಲ್ಲಿ ಎಂದೋ ಉಳಿಸಿಟ್ಟ ಬುಕ್‌ಮಾರ್ಕುಗಳ ಪಾಡೂ ಇದೇ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣವು ಹಿಂದೆ ‘ಕೆಇಎ ಡಾಟ್ ಕೆಎಆರ್ ಡಾಟ್ ಎನ್ಐಸಿ ಡಾಟ್ ಇನ್’ ಎಂಬ ವಿಳಾಸದಲ್ಲಿದ್ದು ಈಚೆಗೆ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಸ್ಥಳಾಂತರಗೊಂಡಿರುವುದು ಇದಕ್ಕೆ ಉದಾಹರಣೆ.

ಕನ್ನಡದ ಕಚೇರಿಗಳಿಗೇ ವಿಶಿಷ್ಟವಾದ ತೊಡಕೊಂದು ಇನ್ನೂ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳು ಯೂನಿಕೋಡ್ ಪೂರ್ವದವು. ಅವುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಗಳನ್ನೇ, ಫಾಂಟು ಅವುಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸುತ್ತದೆ. ಇಂಥ ಪಠ್ಯವನ್ನು ಇಮೇಲಿಗೆ ಅಂಟಿಸಿದಾಗ ಆ ಫಾಂಟು ಜೊತೆಗೆ ಬಾರದೆ, ತಲೆಯ ಮೇಲೆ ಗೀರು ಹೊತ್ತ ವಿಚಿತ್ರ ಅಕ್ಷರಗಳ ಸಾಲು ಕಾಣುತ್ತದೆ. ಅದನ್ನು ವೈರಸ್ ಎಂದು ತಿಳಿದು ಅಳಿಸಿದರೆ ಪತ್ರವೇ ಹೋದಂತೆ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ತಿರುವುಮುರುವಾದ ಪ್ರಸಂಗವೂ ಉಂಟು: ಸುತ್ತೋಲೆಯ ಇಡೀ ಕಡತಕ್ಕೆ ನುಡಿ ಫಾಂಟು ಹಚ್ಚಿದಾಗ ಅದರೊಳಗಿನ ಜಾಲವಿಳಾಸವೂ ಅರ್ಥವಿಲ್ಲದ ಕನ್ನಡವಾಗಿ ಕಾಣುತ್ತದೆ, ಆದರೆ ಒಳಗಿನ ಸಂಕೇತಗಳು ಇಂಗ್ಲಿಷಿನವೇ ಆಗಿರುವುದರಿಂದ ಆ ಭಾಗವನ್ನು ನಕಲಿಸಿ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅಂಟಿಸಿದರೆ ಸರಿಯಾದ ವಿಳಾಸ ಹೊರಬರುತ್ತದೆ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಚದುರಿ ಕಂಡರೆ, ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಹಾಕಿಕೊಳ್ಳಬೇಕಾಗುತ್ತದೆ.

ಔಟ್‌ಲುಕ್‌ನ ಹಳೆಯ ಆವೃತ್ತಿಗಳು ಸರಿಯಾದ ಪಾಸ್‌ವರ್ಡನ್ನೇ ತಪ್ಪೆಂದು ಹೇಳುತ್ತಿದ್ದರೆ, ಬರಿಯ ಹೆಸರು ಮತ್ತು ಪಾಸ್‌ವರ್ಡಿನಿಂದ ಒಳಬರುವ ತಂತ್ರಾಂಶಗಳಿಗೆ ಗೂಗಲ್ 2022ರ ಮೇ 30ರಿಂದ ಬಾಗಿಲು ಮುಚ್ಚಿದುದನ್ನು ನೆನೆಯಬೇಕು. ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, ಆ್ಯಪ್ ಪಾಸ್‌ವರ್ಡ್ ಎಂಬ 16 ಅಕ್ಷರಗಳ ಪ್ರತ್ಯೇಕ ಗುಪ್ತಪದವನ್ನು ಪಡೆದು ಅದನ್ನು ಬಳಸಬಹುದು.

ಇಷ್ಟೆಲ್ಲ ಮಾಡಿಯೂ ದಾಟಲಾಗದ ಗಡಿಯೊಂದಿದೆ. 2021ರ ಕ್ರೋಮ್ 89ರಿಂದ ಮುಂದಿನ ಆವೃತ್ತಿಗಳು ಎಸ್‌ಎಸ್‌ಇ3 ಎಂಬ ಆದೇಶಗುಚ್ಛವಿಲ್ಲದ ಪ್ರೊಸೆಸರುಗಳ ಮೇಲೆ ಓಡುವುದಿಲ್ಲ, ಅದನ್ನು ಯಾವ ಅಪ್‌ಡೇಟೂ ತುಂಬಿಕೊಡಲಾರದು. 64 ಬಿಟ್ ಪ್ರೊಸೆಸರ್ ಮತ್ತು 4 ಜಿಬಿ ಸ್ಮರಣೆ ಇರುವ ಯಂತ್ರವಾದರೆ ಲುಬುಂಟುವಿನಂಥ ಹಗುರ ಲಿನಕ್ಸ್ ಹಾಕಿ ಇಂದಿನ ಫೈರ್‌ಫಾಕ್ಸನ್ನೇ ನಡೆಸಬಹುದು. ಇದು ಆಗದ ಯಂತ್ರವನ್ನು ಬೆರಳಚ್ಚಿಗೂ ಮುದ್ರಣಕ್ಕೂ ಉಳಿಸಿಕೊಳ್ಳಲು ಅಡ್ಡಿಯಿಲ್ಲವಾದರೂ, ಭದ್ರತೆಯ ಅಪ್‌ಡೇಟ್ ನಿಂತುಹೋದ ಬ್ರೌಸರಿನಲ್ಲಿ ಗ್ರಾಹಕರ ಆಧಾರ್ ಸಂಖ್ಯೆಯನ್ನಾಗಲಿ ಬ್ಯಾಂಕಿನ ಗುಪ್ತಪದವನ್ನಾಗಲಿ ತುಂಬಬಾರದು. ಎಚ್ಚರಿಕೆಯ ಪುಟದಲ್ಲಿ ‘ಆದರೂ ಮುಂದುವರಿಯಿರಿ’ ಎಂಬರ್ಥದ ಗುಂಡಿಯನ್ನು ಅಭ್ಯಾಸಬಲದಿಂದ ಒತ್ತುವುದೂ ಸಲ್ಲದು. ಇಮೇಲಿನ ನಕಲಿ ಲಿಂಕಿನಿಂದ ಹಣ ಹೋದಲ್ಲಿ ತಡಮಾಡದೆ ಕರೆಯಬೇಕಾದ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಯ ಸಂಖ್ಯೆ 1930.