ಉಮಿಯಿಂದ ಬೆಳಕು
ವಿಶ್ವವಿದ್ಯಾನಿಲಯಗಳ ಉದ್ಯಮಸ್ಪರ್ಧೆಗಳ ಪ್ರಯೋಜನವು

ಸ್ಪರ್ಧೆಯೆಂದೊಡನೆ ನಮ್ಮ ಹುಡುಗಿಯರಿಗೆ ಓಟ, ಹಾಡು, ಭಾಷಣಗಳೇ ನೆನಪಾಗುವುವು. ಈಚೆಗೆ ವಿಶ್ವವಿದ್ಯಾನಿಲಯಗಳು ಇನ್ನೊಂದು ಬಗೆಯ ಸ್ಪರ್ಧೆಯನ್ನೂ ನಡೆಸುತ್ತಿರುವುವು. ಶುದ್ಧ ಶಕ್ತಿಯ ಉತ್ಪಾದನೆಯೇ ಮೊದಲಾದ ಲೋಕೋಪಯೋಗಿ ಕಾರ್ಯಕ್ಕೆ ಹೊಸ ಉಪಾಯವನ್ನು ಕಂಡ ವಿದ್ಯಾರ್ಥಿಗಳು, ಅದನ್ನು ಉದ್ಯಮವಾಗಿ ನಡೆಸುವ ಕ್ರಮವನ್ನು ಲೆಕ್ಕಪತ್ರಸಹಿತವಾಗಿ ತೀರ್ಪುಗಾರರ ಮುಂದೆ ನಿರೂಪಿಸತಕ್ಕದ್ದು. ಗೆದ್ದವರಿಗೆ ಉದ್ಯಮಕ್ಕೆ ಬೇಕಾದ ಹಣವು ದೊರೆಯುವುದು. ಇದರ ಪ್ರಯೋಜನವನ್ನು ಒಂದು ನಿಜಸಂಗತಿಯ ಮೂಲಕ ತಿಳಿಸಲಿಚ್ಛಿಸುತ್ತೇವೆ.

ಬಿಹಾರದ ಪಶ್ಚಿಮ ಚಂಪಾರಣ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಇರುಳಾಯಿತೆಂದರೆ ಸೀಮೆಯೆಣ್ಣೆಯ ಬುಡ್ಡಿಯೇ ಗತಿಯಾಗಿತ್ತು. ಮಕ್ಕಳು ಅದರ ಹೊಗೆಯಲ್ಲಿಯೇ ಓದಬೇಕಾಗಿತ್ತು. ಅಕ್ಕಿಯ ಗಿರಣಿಗಳ ಬಳಿಯಲ್ಲಾದರೋ ಬತ್ತದ ಉಮಿಯು ರಾಶಿರಾಶಿಯಾಗಿ ವ್ಯರ್ಥವಾಗುತ್ತಿತ್ತು. ಬಿಹಾರದವರಾದ ಜ್ಞಾನೇಶ ಪಾಂಡೆ, ರತ್ನೇಶ ಯಾದವ ಮತ್ತವರ ಸಂಗಡಿಗರು 2007ನೆಯ ಆಗಸ್ಟ್ 15ರಂದು ತಮಕೂಹಾ ಎಂಬ ಹಳ್ಳಿಯಲ್ಲಿ ಈ ಉಮಿಯಿಂದಲೇ ವಿದ್ಯುದ್ದೀಪಗಳನ್ನು ಬೆಳಗಿಸಿದರು.

ಅದರ ಕ್ರಮವಿಂತಿದೆ. ಉಮಿಯನ್ನು ಕುಲುಮೆಯಂತಹ ಪಾತ್ರೆಯಲ್ಲಿ ತುಂಬಿ, ಸಾಲದಷ್ಟು ಗಾಳಿಯಲ್ಲಿ ಉರಿಸಿದರೆ ಅದು ಪೂರ್ಣವಾಗಿ ಬೇಯದೆ, ಜಲಜನಕ, ಕಾರ್ಬನ್ ಮಾನಾಕ್ಸೈಡ್ ಮೊದಲಾದ ಉರಿಯುವ ಅನಿಲಗಳನ್ನು ಹೊರಡಿಸುವುದು. ಆ ಅನಿಲದಲ್ಲಿನ ಬೂದಿಯನ್ನೂ ಕೀಲನ್ನೂ ಶೋಧಿಸಿ ತೆಗೆದು ಎಂಜಿನಿಗೆ ಬಿಟ್ಟರೆ, ಎಂಜಿನು ವಿದ್ಯುಜ್ಜನಕ ಯಂತ್ರವನ್ನು ತಿರುಗಿಸುವುದು. ಬಿದಿರುಗಂಬಗಳ ಮೇಲೆ ಎಳೆದ ತಂತಿಗಳು ಸಂಜೆಯ ಹೊತ್ತು ಮನೆಮನೆಗೂ ವಿದ್ಯುತ್ತನ್ನು ಒಯ್ಯುತ್ತಿದ್ದುವು.

ಇವರ ಸಂಗಡಿಗರಾದ ಮನೋಜ ಸಿನ್ಹಾ, ಚಾರ್ಲ್ಸ್ ರಾನ್ಸ್ಲರ್ ಎಂಬವರು ಆಗ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯವಹಾರಶಾಸ್ತ್ರವನ್ನು ಓದುತ್ತಿದ್ದರು. 2008ರಲ್ಲಿ ಅವರು ಅಲ್ಲಿಯ ಡಾರ್ಡನ್ ವಿದ್ಯಾಲಯದ ಸ್ಪರ್ಧೆಯಲ್ಲಿಯೂ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸ್ಪರ್ಧೆಯಲ್ಲಿಯೂ ಗೆದ್ದರು. ಎರಡನೆಯದರ ಬಹುಮಾನವು 50,000 ಡಾಲರು. ದೀಪವು ಹತ್ತಿದ್ದು ಮೊದಲು, ಬಹುಮಾನವು ಬಂದುದು ಅನಂತರ, ಎಂಬುದನ್ನು ವಾಚಕರು ಗಮನಿಸಬೇಕು. ಸ್ಪರ್ಧೆಯು ಉಪಾಯವನ್ನು ಹುಟ್ಟಿಸಲಿಲ್ಲ. ಒಂದು ಹಳ್ಳಿಯಲ್ಲಿ ನಡೆದ ಕೆಲಸವನ್ನು ಹಲವು ಹಳ್ಳಿಗಳಿಗೆ ಒಯ್ಯಲು ನೆರವಾಯಿತು. ಬಡಮನೆಯವರು ತಿಂಗಳಿಗೆ ಎಷ್ಟು ಕೊಡಬಲ್ಲರು? ಯಂತ್ರವು ಕೆಟ್ಟರೆ ಸರಿಪಡಿಸುವವರಾರು? ಉಮಿಯ ಬೆಲೆಯೇರಿದರೆ ಮಾಡುವುದೇನು? ಇಂತಹ ಪ್ರಶ್ನೆಗಳಿಗೆ ಉತ್ತರವಿಲ್ಲದ ಉಪಾಯವು ಎಷ್ಟು ಜಾಣತನದ್ದಾದರೂ ಬಾಳಲಾರದು. ಆ ಉದ್ಯಮವು ಮುಂದೆ ಸೂರ್ಯಶಕ್ತಿಯನ್ನೂ ಜೊತೆಗೂಡಿಸಿಕೊಂಡಿತು.

ನಮ್ಮ ಅಜ್ಜಿಯಂದಿರು ಹಲ್ಲುಜ್ಜುತ್ತಿದ್ದ ಉಮಿಕರಿಯನ್ನು ಯಾರು ತಾನೇ ಅರಿಯರು? ಬಿಹಾರದಲ್ಲಿ ಯಂತ್ರದಿಂದ ಉಳಿದ ಆ ಕರಿಯಿಂದ ಊದುಬತ್ತಿಗಳನ್ನು ಹೊಸೆದು ಹಳ್ಳಿಯ ಹೆಂಗಸರು ಕೂಲಿಯನ್ನು ಸಂಪಾದಿಸಿದರು. ಉರುವಲು, ಹೊಗೆ, ಬೂದಿ ಇವುಗಳ ಲೆಕ್ಕವು ಹೆಂಗಸರಿಗೆ ಗೊತ್ತಿರುವಷ್ಟು ಮತ್ತಾರಿಗೆ ಗೊತ್ತು? ಆದರೂ ಅದನ್ನು ಸಭೆಯಲ್ಲಿ ನಿಂತು ಹೇಳುವ ಧೈರ್ಯವನ್ನು ನಾವು ಅವರಿಗೆ ಕಲಿಸಿರುವುದು ಕಡಮೆ. ಆದಕಾರಣ, ತಾಯಿತಂದೆಗಳೇ, ಕಾಲೇಜಿಗೆ ಹೋದ ನಿಮ್ಮ ಮಗಳು ಇಂತಹ ಸ್ಪರ್ಧೆಗೆ ಹೆಸರು ಕೊಡಲು ಅಪ್ಪಣೆ ಬೇಡಿದರೆ, “ನಿನಗೇಕೆ ಈ ಉಸಾಬರಿ?” ಎಂದು ತಡೆಯದಿರಿ. ಅವಳ ಲೆಕ್ಕವನ್ನು ಮೊದಲು ನೀವೇ ಕೂತು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ವಿಜ್ಞಾನವನ್ನೋ ವ್ಯಾಪಾರವನ್ನೋ ಬಲ್ಲವರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು, ನಮ್ಮ ಮೇಲಿನ ತರಗತಿಗಳ ಹುಡುಗಿಯರಿಗೆ ಇಂತಹ ಪ್ರಶ್ನೆಗಳನ್ನು ಹಾಕಿ ಪರೀಕ್ಷಿಸಬೇಕೆಂದು ಕೇಳಿಕೊಳ್ಳುತ್ತೇವೆ.