ನಿರ್ವಹಣಾ ಶುಲ್ಕ ಬಾಕಿ: ಫ್ಲ್ಯಾಟ್ ಮಾಲೀಕರಿಗೆ ದಿವಾಳಿ ಭೀತಿ ಎಷ್ಟು?

ಮಧುಗಿರಿ: ‘ಪಾಪರ್ ಚೀಟಿ ತೆಗೆದುಕೊಂಡರೆ ಬಾಕಿಯೆಲ್ಲ ತೀರಿತು’ ಎಂಬ ಮಾತು ಹಳ್ಳಿಕಟ್ಟೆಗಳಲ್ಲಿ ಹೊಸದೇನಲ್ಲ. ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದ ಕಡೆ ಇದಕ್ಕೆ ‘ಐ.ಪಿ. ಹಾಕುವುದು’ ಎಂದೇ ಹೆಸರು. ಆದರೆ ಈ ಅಸ್ತ್ರವನ್ನು ಸಾಲಗಾರನಷ್ಟೇ ಅಲ್ಲ, ಸಾಲ ಬರಬೇಕಾದವರೂ ಬಳಸಬಹುದು ಎಂಬುದು ಬಹುತೇಕರಿಗೆ ತಿಳಿದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಿವೃತ್ತ ನೌಕರರು, ವರ್ತಕರು ಜೀವಮಾನದ ಉಳಿತಾಯವನ್ನು ತುಮಕೂರು ಅಥವಾ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ತೊಡಗಿಸುವುದುಂಟು. ಬೀಗ ಹಾಕಿದ ಮನೆಗೂ ಲಿಫ್ಟ್, ನೀರು, ಕಾವಲುಗಾರನ ವೆಚ್ಚ ತಪ್ಪದು. ಬಾಕಿ ಬೆಳೆದು ಮಾಲೀಕರ ಸಂಘದಿಂದ ನೋಟಿಸ್ ಬಂದಾಗ ಏಳುವ ಪ್ರಶ್ನೆ: ಇಷ್ಟಕ್ಕೇ ದಿವಾಳಿ ಎಂದು ಘೋಷಿಸಲು ಸಾಧ್ಯವೇ? ತಾತ್ವಿಕವಾಗಿ ಸಾಧ್ಯ. ಆದರೆ ಅದಕ್ಕೂ ಮುನ್ನ ಕೈಬಿಡುವ ಸಂಭವವಿರುವುದು ಮನೆಯೇ.

ಯಾವ ಕಾಯ್ದೆ ಅನ್ವಯ?

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಪ್ರತ್ಯೇಕ ಭಾಗವಿದೆ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಸಾಮಾನ್ಯ ಮನೆ ಮಾಲೀಕರಿಗೆ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ.

1920ರಲ್ಲಿ ಈ ಕಾಯ್ದೆ ನಿಗದಿಪಡಿಸಿದ ಕನಿಷ್ಠ ಸಾಲ ಕೇವಲ ₹500. ಹಾಗೆಂದು ಶುಲ್ಕ ಕಟ್ಟದಿರುವುದೊಂದೇ ಅರ್ಜಿಗೆ ಸಾಕಾಗದು. ಸಾಲಗಾರ ವಂಚಿಸುವ ಉದ್ದೇಶದಿಂದ ಆಸ್ತಿ ವರ್ಗಾಯಿಸಿರಬೇಕು, ತಲೆಮರೆಸಿಕೊಂಡಿರಬೇಕು, ಪಾವತಿ ನಿಲ್ಲಿಸಿರುವುದಾಗಿ ತಿಳಿಸಿರಬೇಕು ಅಥವಾ ಹಣದ ಡಿಕ್ರಿಯ ಜಾರಿಯಲ್ಲಿ ಆತನ ಆಸ್ತಿ ಮಾರಾಟವಾಗಿರಬೇಕು. ಇಂತಹ ಕೃತ್ಯ ನಡೆದ 3 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಆಸ್ತಿಯ ಭದ್ರತೆ ಹೊಂದಿರುವ ಸಾಲಿಗನು ಆ ಭದ್ರತೆಯನ್ನು ಬಿಟ್ಟುಕೊಡಬೇಕು ಇಲ್ಲವೇ ಅದರ ಮೌಲ್ಯವನ್ನು ಅರ್ಜಿಯಲ್ಲಿ ತೋರಿಸಬೇಕು. ಹೀಗಾಗಿ ಸಂಘಗಳಿಗೆ ಇದು ಸುಲಭದ ದಾರಿಯಲ್ಲ.

ಮೊದಲ ಅಪಾಯ ಮನೆಗೆ

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಸಾಮಾನ್ಯ ವೆಚ್ಚದ ಬಾಕಿಯು ಆ ಫ್ಲ್ಯಾಟ್‌ನ ಮೇಲೆಯೇ ಋಣಭಾರವಾಗಿ ನಿಲ್ಲುತ್ತದೆ. ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಯ ತೆರಿಗೆ ಮತ್ತು ಮೊದಲ ಅಡಮಾನದ ಸಾಲಕ್ಕೆ ಮಾತ್ರ ಅದಕ್ಕಿಂತ ಆದ್ಯತೆ. ಅಡಮಾನದ ಸಾಲ ವಸೂಲಿಯಂತೆಯೇ ಸಂಘವು ದಾವೆ ಹೂಡಿ, ಮನೆಯ ಮಾರಾಟದಿಂದ ಹಣ ಪಡೆಯಲು ಅವಕಾಶವಿದೆ.

ಇದಕ್ಕೊಂದು ಷರತ್ತಿದೆ. ‘ಡೀಡ್ ಆಫ್ ಡಿಕ್ಲರೇಷನ್’ ಎಂಬ ಘೋಷಣಾ ಪತ್ರ ನೋಂದಣಿಯಾಗಿ ಕಟ್ಟಡವು ಈ ಕಾಯ್ದೆಗೆ ಒಳಪಟ್ಟಿರಬೇಕು. ಇಲ್ಲದಿದ್ದಲ್ಲಿ ಸಂಘಕ್ಕೆ ಸಾಮಾನ್ಯ ಸಿವಿಲ್ ದಾವೆಯೇ ಗತಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ ಉಂಟು.

ಹಳೆಯ ಮಾಲೀಕ ಉಳಿಸಿದ ಬಾಕಿಗೆ ಖರೀದಿದಾರನೂ ಹೊಣೆಯಾಗುವುದರಿಂದ, ಕೊಳ್ಳುವವರು ಸಂಘದಿಂದ ‘ಬಾಕಿ ಇಲ್ಲ’ ಎಂಬ ಪತ್ರ ಪಡೆಯುವುದು ಕ್ಷೇಮ.

ಪುರಸಭೆ ತೆರಿಗೆಯ ಕಥೆ

ಸ್ವಂತ ಊರಿನ ಮನೆಗೂ ಇಂಥದೇ ತಲೆನೋವು ಇದೆ. ಶಿರಾ ನಗರಸಭೆ, ಮಧುಗಿರಿ ಮತ್ತು ಪಾವಗಡ ಪುರಸಭೆ, ಕೊರಟಗೆರೆ ಪಟ್ಟಣ ಪಂಚಾಯಿತಿಗಳಿಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ₹3,000 ತೆರಿಗೆಗೆ ಇದು ತಿಂಗಳಿಗೆ ₹60, ವರ್ಷಕ್ಕೆ ₹720. ಬೇಡಿಕೆ ನೋಟಿಸ್‌ಗೂ ಮಣಿಯದಿದ್ದರೆ ಚರಾಸ್ತಿ ಜಪ್ತಿಗೆ ಅವಕಾಶವಿದೆ.

ಪಾಪರ್ ಚೀಟಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ದಿವಾಳಿಯಾದವನ ಆಸ್ತಿ ಹಂಚಿಕೆಯಲ್ಲಿ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಬಾಕಿಗೆ ಆದ್ಯತೆ. ನ್ಯಾಯಾಲಯ ವಿಮುಕ್ತಿ ನೀಡಿದರೂ ಸರ್ಕಾರಕ್ಕೆ ಸಲ್ಲಬೇಕಾದ ಸಾಲ ಮಾತ್ರ ರದ್ದಾಗದು.

ತಪ್ಪು ತಿಳಿವಳಿಕೆಗಳು

2019ರ ಜುಲೈನಲ್ಲಿ ಜಾರಿಗೆ ಬಂದ ಋಣ ಪರಿಹಾರ ಕಾಯ್ದೆಯನ್ನು ಕೆಲವರು ಇಲ್ಲಿ ನೆನಪಿಸುತ್ತಾರೆ. ಆಗ ಉಪವಿಭಾಗಾಧಿಕಾರಿಗಳೇ ನೋಡಲ್ ಅಧಿಕಾರಿಗಳಾಗಿದ್ದು, ಈ ನಾಲ್ಕೂ ತಾಲ್ಲೂಕುಗಳು ಸೇರುವುದು ಮಧುಗಿರಿ ಉಪವಿಭಾಗಕ್ಕೆ. ಅದು ಬಡವರ ಖಾಸಗಿ ಲೇವಾದೇವಿ ಸಾಲಕ್ಕೆ ಸಂಬಂಧಿಸಿದ್ದು. ಅರ್ಜಿಗೆ 90 ದಿನಗಳ ಗಡುವಿತ್ತು. ಫ್ಲ್ಯಾಟ್ ಬಾಕಿಗೆ ಅದು ಆಸರೆಯಲ್ಲ.

2018ರ ತಿದ್ದುಪಡಿಯಿಂದ ಫ್ಲ್ಯಾಟ್ ಖರೀದಿದಾರರು ದಿವಾಳಿ ನ್ಯಾಯಮಂಡಳಿಗೆ ಹೋಗಬಹುದಾದದ್ದೂ ಬಿಲ್ಡರ್ ಕಂಪನಿಯ ವಿರುದ್ಧವೇ ಹೊರತು ಸಂಘದ ಶುಲ್ಕದ ವಿಷಯಕ್ಕಲ್ಲ.

ಏನು ಮಾಡಬೇಕು?

ನೋಟಿಸ್ ಬಂದಾಗ ಸುಮ್ಮನಿರುವುದೇ ದುಬಾರಿ. ಸಂಘದಿಂದ ಲೆಕ್ಕಪತ್ರ ಕೇಳಿ ಪಡೆಯಬೇಕು. ತಕರಾರಿಲ್ಲದ ಮೊತ್ತವನ್ನು ಕಟ್ಟಿ, ಉಳಿದುದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಕಂತಿನ ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಪಡೆಯಬೇಕು. ಪ್ರಕರಣ ನ್ಯಾಯಾಲಯ ತಲುಪಿದರೆ ಶುಲ್ಕದ ಜತೆಗೆ ಖರ್ಚೂ ಸೇರಿ, ದುಡಿದು ಕಟ್ಟಿದ ಮನೆಯೇ ಪಣಕ್ಕೆ ಬೀಳುತ್ತದೆ.